ಹಾಗಾದರೆ ಅದು ಹೋಯಿತೆಲ್ಲಿ?

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಕಾಗದ ಬರೆಯುವುದರಲ್ಲಿ ಎತ್ತಿದ ಕೈ. ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ವರ್ಷಗಟ್ಟಲೆ ಟಿಪ್ಪಣಿ ಬರೆದು ಬರೆದೇ ಮೇಲೇರಿದವರು. ದೆಹಲಿಯಲ್ಲಿದ್ದ ನಮ್ಮ ಕಡೆಯವರ ಮನೆಗಳಲ್ಲಿ ಏನೇ ಆಗಲಿ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಿರಲಿ, ಕ್ವಾರ್ಟರ್ಸಿನ ಚಾವಣಿ ಸೋರುತ್ತಿರಲಿ, ಎಲ್ಲರೂ ಲೋಧಿ ಕಾಲೋನಿಯ ಅವರ ಮನೆಗೆ ಹೋಗಿ ಕೂರುತ್ತಿದ್ದರು. ಅವರು ಕನ್ನಡಕವನ್ನು ಹಣೆಗೆ ಏರಿಸಿ, "ಹಳೇದು ಯಾವುದಾದ್ರೂ ಮಾದರಿ ಇದೆಯಾ?" ಎಂದು ಕೇಳುತ್ತಿದ್ದರು. ಇಂಥದ್ದೇ ಕೆಲಸಕ್ಕೆ ಹಿಂದೆ ಯಾರಾದರೂ ಬರೆದ ಕಾಗದ ಒಂದು ಸಿಕ್ಕರೆ ಸಾಕು, ಹೆಸರು, ತಾರೀಖು ಬದಲಾಯಿಸಿ ಹೊಸದು ತಯಾರು. ಮೊದಲಿನಿಂದ ಯೋಚಿಸಿ ಬರೆಯುವವರನ್ನು ಕಂಡರೆ ಅವರಿಗೆ ಕನಿಕರ. ಅಂಥದ್ದೇ ಒಂದು ಕಾಗದದಿಂದ ಅವರು ನನ್ನನ್ನು ಇನ್ನೇನು ಕೊಂದೇಬಿಟ್ಟಿದ್ದರು. ಇವತ್ತಿಗೂ ಅವರು ಅದನ್ನು ಒಪ್ಪಿಲ್ಲ.

ಆಗ ನಾವು ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ಒಂದು ಇಲಾಖೆಯಲ್ಲಿ ಗುಮಾಸ್ತ, ಮಗಳು ಮೂರನೇ ಕ್ಲಾಸು. ನಾನು ಓಖ್ಲಾದಲ್ಲಿ ಸಿದ್ಧ ಉಡುಪು ರಫ್ತು ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಪರದೇಶದ ಗಿರಾಕಿಗಳಿಗೆ ಇ-ಮೇಲ್ ಬರೆಯುವ ಕೆಲಸದಲ್ಲಿದ್ದೆ. ಕೆಳಗಿನ ಮಹಡಿಯಲ್ಲಿ ನೂರಾರು ಹೊಲಿಗೆ ಯಂತ್ರ, ಮೇಲಿನ ಮಹಡಿಯಲ್ಲಿ ನಾವು ನಾಲ್ವರು ಹೆಂಗಸರು, ಹತ್ತಿಪ್ಪತ್ತು ಗಂಡಸರು. ಹೆಂಗಸರ ಟಾಯ್ಲೆಟ್ಟಿಗೆ ಬೀಗ ಹಾಕಿರುತ್ತಿತ್ತು. ಹೊಲಿಯುವ ಹೆಂಗಸರು ಅಲ್ಲಿ ಹೋಗಿ ಹರಟೆ ಹೊಡೆಯುತ್ತಾರೆ, ಕೆಲಸ ಕೆಡುತ್ತದೆ ಎಂಬುದು ಮ್ಯಾನೇಜರನ ಸಂಶೋಧನೆ. ಬೀಗದ ಕೈ ಅವನ ಮೇಜಿನ ಡ್ರಾಯರಿನಲ್ಲಿ. ಬೇಕಾದವರು ಅವನ ಎದುರು ಹೋಗಿ ನಿಲ್ಲಬೇಕು. ಅವನು ಮೊದಲು ಗೋಡೆಯ ಗಡಿಯಾರ ನೋಡುತ್ತಿದ್ದ, ಆಮೇಲೆ ನಮ್ಮನ್ನು ನೋಡುತ್ತಿದ್ದ, ಆಮೇಲೆ ಡ್ರಾಯರ್ ಎಳೆಯುತ್ತಿದ್ದ. ಅಷ್ಟರಲ್ಲಿ ಸುತ್ತಲಿನ ಗಂಡಸರಿಗೆಲ್ಲ ಯಾರು, ಯಾತಕ್ಕೆ ಎಂಬುದು ಜಾಹೀರಾಗಿರುತ್ತಿತ್ತು. ಒಂದು ಡ್ರಾಯರ್ ಎಳೆಯುವುದರಲ್ಲೇ ಜನ್ಮದ ಅಧಿಕಾರವನ್ನೆಲ್ಲ ಚಲಾಯಿಸಿಬಿಡುವ ಇಂಥ ಅಲ್ಪರು ಪ್ರತಿ ಆಫೀಸಿನಲ್ಲೂ ಒಬ್ಬೊಬ್ಬರು ಇರುತ್ತಾರೆ.

ನಾನು ಕೇಳಲು ಹೋಗುತ್ತಲೇ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿ ಒಂದಕ್ಕೆ ಹೋಗಿ ಬಂದರೆ ಮತ್ತೆ ಸಂಜೆ ಏಳಕ್ಕೆ ಮನೆಯಲ್ಲೇ. ನೀರು ಕುಡಿಯದಿದ್ದರಾಯಿತು. ಅದನ್ನೊಂದು ಸಾಧನೆ ಎಂದು ತಿಳಿದಿದ್ದೆ. ದಿನಕ್ಕೆ ಎರಡು ಸಲ ಬೀಗದ ಕೈ ಕೇಳುತ್ತಿದ್ದ ಪಂಜಾಬಿ ಹೆಂಗಸಿನ ಬಗ್ಗೆ, ಇವಳಿಗೆ ಸ್ವಲ್ಪವೂ ನಾಚಿಕೆ ಇಲ್ಲವಲ್ಲ ಎಂದು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ. ಇಷ್ಟು ಸಾಲದೆಂಬಂತೆ ಮಗಳಿಗೂ ಪಾಠ ಹೇಳಿಕೊಟ್ಟಿದ್ದೆ. "ಸ್ಕೂಲಲ್ಲಿ ಹೋಗ್ಬೇಡ, ಗಲೀಜಿರುತ್ತೆ. ತಡ್ಕೊಂಡು ಮನೆಗೆ ಬಂದು ಹೋಗು." ಅವಳು ದಿನಾ ಸ್ಕೂಲ್ ಬಸ್ಸಿನಿಂದ ಇಳಿದವಳೇ ಬ್ಯಾಗನ್ನು ಬಾಗಿಲಲ್ಲೇ ಎಸೆದು ಕಕ್ಕಸಿಗೆ ಓಡುತ್ತಿದ್ದಳು. ಎಷ್ಟು ಜಾಣೆ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಅದೊಂದು ಶುಕ್ರವಾರ, ಬೇಸಿಗೆ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬವೆಂದು ಕೇಕ್ ಕತ್ತರಿಸಿ ತಣ್ಣನೆಯ ಪಾನೀಯ ಹಂಚಿದರು. ಸೆಕೆಗೆ ಸೋತು ಎರಡು ಲೋಟ ಕುಡಿದೆ. ಮಧ್ಯಾಹ್ನ ಎರಡಕ್ಕೆಲ್ಲ ಶುರುವಾಯಿತು. ಅವತ್ತು ಮ್ಯಾನೇಜರನ ಎದುರು ಬಿಳಿಯ ಗಿರಾಕಿ ಒಬ್ಬ ಕೂತಿದ್ದ. ಅವನೆದುರು ಹೋಗಿ ಬೀಗದ ಕೈ ಕೇಳುವುದೇ? ಕಾಲಿನ ಮೇಲೆ ಕಾಲು ಹಾಕಿ ಕೂತೆ. ಆರಕ್ಕೆ ಆಫೀಸು ಬಿಟ್ಟಾಗ ನೆಟ್ಟಗೆ ನಡೆಯಲೂ ಆಗುತ್ತಿರಲಿಲ್ಲ.

ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಖಾಸಗಿ ಬಸ್ಸು. ಅದೇ ರೂಟಿನ ಇನ್ನೊಂದು ಬಸ್ಸನ್ನು ಹಿಂದೆ ಹಾಕುವುದೊಂದೇ ಅದರ ಡ್ರೈವರನ ಜೀವನದ ಗುರಿ. ಆಶ್ರಮ ಚೌಕ ದಾಟಿ ರಿಂಗ್ ರೋಡಿಗೆ ಬಂದದ್ದೇ ಪಂದ್ಯ ಶುರು. ಎದುರಿಗೆ ಏನು ಬಂತೋ ನನಗೆ ಕಾಣಲಿಲ್ಲ. ಬ್ರೇಕ್ ಬಿತ್ತು, ನಾನು ಮುಂದಕ್ಕೆ ಎಗರಿದೆ, ಮುಂದಿನ ಸೀಟಿನ ಕಬ್ಬಿಣದ ಸರಳು ಹೊಕ್ಕುಳಿನ ಕೆಳಗೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಒಳಗೆ ಏನೋ ಪಟಕ್ಕೆಂದ ಹಾಗಾಯಿತು. ಆಮೇಲೆ, ಇದನ್ನು ನಾಚಿಕೆ ಬಿಟ್ಟೇ ಹೇಳುತ್ತೇನೆ, ನೋವಿನ ಜೊತೆಗೇ ಒಂದು ನೆಮ್ಮದಿ ಆಯಿತು. ಮಧ್ಯಾಹ್ನ ಎರಡರಿಂದ ಪ್ರಾಣ ಹಿಂಡುತ್ತಿದ್ದ ಆ ಒತ್ತಡ ಇದ್ದಕ್ಕಿದ್ದಂತೆ ಇಲ್ಲವಾಗಿತ್ತು. ಬಸ್ಸಿನಲ್ಲೇ ಆಗಿಹೋಯಿತೇ ಎಂದು ಗಾಬರಿಯಿಂದ ಸೀರೆ ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಸದ್ಯ, ಮರ್ಯಾದೆ ಉಳಿಯಿತು ಎಂದು ದೇವರಿಗೆ ಕೈಮುಗಿದೆ. ಎಂಥ ಮೂರ್ಖಳ ಎಂಥ ಪ್ರಾರ್ಥನೆ!

ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ನನ್ನನ್ನು ಆಟೋದಲ್ಲಿ ಕೂರಿಸಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು, ಗಂಡನಿಗೆ ಫೋನನ್ನೂ ಮಾಡಿದರು. ಗಂಡ ಬರುವಷ್ಟರಲ್ಲಿ ಭಾವನೂ ಬಂದರು. ನಮ್ಮವರಿಗೆ ಅಣ್ಣ ಇಲ್ಲದೆ ಆಸ್ಪತ್ರೆಯ ಚೀಟಿ ಮಾಡಿಸಲೂ ಧೈರ್ಯವಿಲ್ಲ. ಎಮರ್ಜೆನ್ಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿದ್ದ ಹುಡುಗು ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿದ, ಮೂಳೆ ಮುರಿದಿಲ್ಲ ಎಂದ, ಹೊಟ್ಟೆ ಒತ್ತಿ ನೋಡಿದ. ಕೊನೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟು, "ಪೇಶಾಬ್ ಕಾ ಸ್ಯಾಂಪಲ್ ಲಾಯಿಯೇ. ಖೂನ್ ತೋ ನಹೀಂ ಆ ರಹಾ, ದೇಖನಾ ಹೈ" ಎಂದ. ಮೂತ್ರದಲ್ಲಿ ರಕ್ತವಿದೆಯೇ ಎಂದು ನೋಡಬೇಕಿತ್ತು ಅವನಿಗೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ಆ ಹುಡುಗ ಕೇಳಬೇಕಾದ್ದನ್ನೇ ಕೇಳಿದ್ದ. ನಾನು ಹೋಗಿ ಕೂತೆ, ಒಂದು ಹನಿಯೂ ಬರಲಿಲ್ಲ. ಬೆಳಿಗ್ಗೆ ಎಂಟರಿಂದ ಹೋಗಿಲ್ಲ, ಆದರೂ ಬರುತ್ತಿಲ್ಲ. ಇದು ವಿಚಿತ್ರ ಎಂದು ನನಗೇ ಅನ್ನಿಸಿತು. ಖಾಲಿ ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.

ಭಾವ ಅಷ್ಟರಲ್ಲಿ ಮೊಬೈಲಿನಲ್ಲಿ ಲೋಕವನ್ನೇ ಅಲ್ಲಾಡಿಸಿದ್ದರು. ಅವರ ಮೇಲಧಿಕಾರಿಗೆ ಪರಿಚಯವಿದ್ದ ಡಾಕ್ಟರೊಬ್ಬರ ನರ್ಸಿಂಗ್ ಹೋಮಿನಲ್ಲಿ ರೂಮು ಸಿದ್ಧವಾಗಿತ್ತು.

"ಇಲ್ಲಿ ಬೇಡಮ್ಮಾ. ಎಲ್ಲರ ಎದುರಿಗೆ ಡಬ್ಬಿ ಹಿಡ್ಕೊಂಡು ಓಡಾಡೋದು, ಛೇ! ಅಲ್ಲಿ ಎಲ್ಲಾ ಡೀಸೆಂಟಾಗಿ ಮಾಡ್ತಾರೆ. ಚಲೋ, ಚಲೋ" ಎಂದರು.

ಆ ಹುಡುಗು ಡಾಕ್ಟರು ಜನರ ತಲೆಯ ಮೇಲಿಂದ, "ಮೇಡಂ, ಸ್ಯಾಂಪಲ್?" ಎಂದು ಕೂಗಿದ. ನಾನು ಬಾಯಿ ತೆರೆಯುವ ಮೊದಲೇ ಭಾವ ಕೈ ಬೀಸಿ, "ಹೋ ಗಯಾ, ಹೋ ಗಯಾ" ಎಂದುಬಿಟ್ಟರು. ಆಗಿಹೋಯಿತಂತೆ! ಯಾರದ್ದು ಆಗಿಹೋಯಿತು, ಎಲ್ಲಿ ಆಗಿಹೋಯಿತು? ನಾನು ತಲೆ ತಗ್ಗಿಸಿ ಅವರ ಹಿಂದೆ ಹೆಜ್ಜೆ ಹಾಕಿದೆ.

ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಿಂದ, ಹಿಂದೆ ತಿರುಗದೆಯೇ, ಅವರು ಒಂದು ಪ್ರಶ್ನೆ ಕೇಳಿದರು. "ಹೊಟ್ಟೆನೋವು ಬಿಟ್ರೆ ಬೇರೆ ಎಲ್ಲಾ ನಾರ್ಮಲ್ ತಾನೇಮ್ಮಾ?" ಗಂಡನ ಅಣ್ಣ. ಮದುವೆಯಾಗಿ ಹತ್ತು ವರ್ಷವಾದರೂ ಅವರೆದುರು ನಾನು ಕಾಲು ಚಾಚಿ ಕೂತವಳಲ್ಲ. "ಹೂಂ" ಎಂದೆ. ನನ್ನ ರೋಗದ ಬಗ್ಗೆ ನಮ್ಮ ಮನೆಯವರು ನಡೆಸಿದ ವಿಚಾರಣೆ ಅಷ್ಟೇ. ಪಕ್ಕದಲ್ಲಿ ಕೂತಿದ್ದ ಗಂಡ ಅಷ್ಟನ್ನೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಭಾವ ನರ್ಸಿಂಗ್ ಹೋಮಿಗೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು. ನನ್ನ ಅಪಘಾತದ ವಿವರ, ಕಂಪ್ಯೂಟರಿನಲ್ಲಿ ಟೈಪು ಮಾಡಿ ಪ್ರಿಂಟು ತೆಗೆದದ್ದು, ಅಂಚು ಸಮವಾಗಿ, ಅಂಶಗಳಿಗೆ ಒಂದೊಂದು ನಂಬರು ಕೊಟ್ಟು, ಶುದ್ಧ ಸರ್ಕಾರಿ ಇಂಗ್ಲಿಷಿನಲ್ಲಿ. ಇದಕ್ಕೂ ಅವರಿಗೆ ಹಳೆಯ ಮಾದರಿ ಸಿಕ್ಕಿತ್ತು. ಹಿಂದೆ ನಮ್ಮ ಅತ್ತೆಗೆ ಹರ್ನಿಯಾ ಆಪರೇಷನ್ ಆಗಿದ್ದಾಗ ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಅವರು ಫೈಲಿನಲ್ಲಿ ಇಟ್ಟಿದ್ದರು. ಅದನ್ನೇ ಎದುರಿಗಿಟ್ಟುಕೊಂಡು, ಹೆಸರು ಬದಲಾಯಿಸಿ, ವಯಸ್ಸು ಬದಲಾಯಿಸಿ, ಹರ್ನಿಯಾ ಇದ್ದಲ್ಲಿ ಬಸ್ಸು ಹಾಕಿದ್ದರು. ಮಿಕ್ಕ ಸಾಲುಗಳು ಹಾಗೇ ಉಳಿದಿದ್ದವು. ಸಕ್ಕರೆ ಕಾಯಿಲೆ ಇಲ್ಲ. ರಕ್ತದ ಒತ್ತಡ ಇಲ್ಲ. ಮಲಮೂತ್ರ ವಿಸರ್ಜನೆ ಸಹಜ. ಅತ್ತೆಯ ಮೂತ್ರವನ್ನು ನನ್ನ ಹೆಸರಿಗೆ ವರ್ಗಾಯಿಸಿ ಕೆಳಗೆ ಸಹಿ ಬೇರೆ ಮಾಡಿದ್ದರು.

ನರ್ಸಿಂಗ್ ಹೋಮಿನ ಡಾಕ್ಟರು ಕೋಟು ಹಾಕಿಕೊಂಡ, ಸುವಾಸನೆಯ ಮನುಷ್ಯ. ಕಾಗದ ಓದಿ ಪರಮಾನಂದವಾಯಿತು ಅವರಿಗೆ. "ಎಲ್ಲಾ ಪೇಷೆಂಟುಗಳ ಮನೆಯವರೂ ಹೀಗೆ ಬರೆದುಕೊಟ್ಟರೆ ನಮ್ಮ ಕೆಲಸ ಎಷ್ಟು ಸಲೀಸು!" ಎಂದು ಹಿಂದಿಯಲ್ಲಿ ಹೊಗಳಿ, ಅದನ್ನು ಫೈಲಿನ ಮೊದಲ ಹಾಳೆಯಾಗಿ ಸಿಕ್ಕಿಸಿದರು. ಅಲ್ಲಿಂದ ಮುಂದೆ ನನ್ನ ಕೋಣೆಗೆ ಬಂದ ಪ್ರತಿಯೊಬ್ಬರೂ ಮೊದಲು ಆ ಕಾಗದ ಓದಿದರು, ಆಮೇಲೆ ನನ್ನನ್ನು ನೋಡಿ ತಲೆಯಾಡಿಸಿದರು. ಎಲ್ಲವೂ ಬರೆದಿದೆಯಲ್ಲ, ಬಾಯಿ ಇರುವ ಪ್ರಾಣಿಯನ್ನು ಕೇಳುವುದೇಕೆ? ಓದು ಬರಹ ಕಲಿತವರ ಈ ಸೋಮಾರಿತನದಷ್ಟು ಅಸಹ್ಯವಾದದ್ದನ್ನು ನಾನು ಬೇರೆ ಕಂಡಿಲ್ಲ.

ಶನಿವಾರವಿಡೀ ಹೊಟ್ಟೆ ಉಬ್ಬುತ್ತಾ ಹೋಯಿತು. ಕುಡಿದ ನೀರೂ ವಾಂತಿ. ಡಾಕ್ಟರು ಗ್ಯಾಸ್ ಎಂದರು. ನರ್ಸು ಬಂದು, "ಸೂ ಸೂ ಹುವಾ?" ಎಂದಳು. ಬಾಗಿಲಲ್ಲಿ ಭಾವ ನಿಂತಿದ್ದರು. "ಥೋಡಾ", ಸ್ವಲ್ಪ ಆಯಿತು, ಎಂದೆ. ಎರಡು ಹನಿ ಕೆಂಪು ನೀರು ಬಂದದ್ದು ನಿಜ, ಅದನ್ನು ಥೋಡಾ ಎನ್ನಬಹುದಾದರೆ. ಸಂಜೆ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ನೀರು ತುಂಬಿದೆ, ಮೂತ್ರಕೋಶ ಖಾಲಿ ಇದೆ ಎಂದು ಸ್ಕ್ಯಾನಿನವನು ಹೇಳಿದ. ಪೆಟ್ಟಿನ ಬಾವು, ಹೀಗೆಲ್ಲ ಆಗುತ್ತದೆ ಎಂದರು ಡಾಕ್ಟರು. ಕ್ಯಾಥೆಟರ್, ಅಂದರೆ ಮೂತ್ರದ ನಳಿಗೆ ಹಾಕಿ ಮಂಚಕ್ಕೆ ಚೀಲ ತೂಗುಬಿಟ್ಟರು. ಚೀಲದ ತಳದಲ್ಲಿ ಒಂದಿಷ್ಟು ಕೆಂಪು ನೀರು ನಿಂತದ್ದು ಮೇಲೇರಲೇ ಇಲ್ಲ. ಭಾನುವಾರ ಬೆಳಿಗ್ಗೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ರಕ್ತದಲ್ಲಿ ಇರಬಾರದ ವಿಷವೆಲ್ಲ ಏರಿತ್ತು. ಆಘಾತಕ್ಕೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ಡಯಾಲಿಸಿಸ್ ಬೇಕು ಎಂದು ತೀರ್ಮಾನವಾಯಿತು.

ಗಂಡ ಮೂಲೆಯಲ್ಲಿ ಕೂತು ಅಳತೊಡಗಿದರು. ಭಾವ ವರಾಂಡದಲ್ಲಿ, ಡಯಾಲಿಸಿಸ್ ಯಂತ್ರ ಬೇಗ ಸಿಗಲು ಯಾರಿಂದ ಹೇಳಿಸಬೇಕು ಎಂದು ಫೋನು ಮಾಡುತ್ತಿದ್ದರು. ನನಗೆ ಜ್ವರ ಏರಿತ್ತು. ಸಾಯುತ್ತೇನೆ ಎಂದು ಖಚಿತವಾಗಿತ್ತು. ಭಯವಾಯಿತು, ಬಹಳ ಭಯವಾಯಿತು. ಮಗಳಿಗೆ ಎಂಟು ವರ್ಷ. ಅವಳಿಗೆ ಜಡೆ ಹಾಕಲು ಗಂಡನಿಗೆ ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸಿನಲ್ಲಿ ಆ ಒತ್ತಡ ಮಾಯವಾದದ್ದನ್ನು ಯಾರಿಗಾದರೂ ಹೇಳಬೇಕು ಎಂದು ಹತ್ತು ಸಲ ಬಾಯಿ ತೆರೆದೆ. ಗಂಡನಿಗೆ ಹೇಳಿದರೆ ಅಣ್ಣನಿಗೆ ಹೇಳುತ್ತಾರೆ, ಅಣ್ಣ ಮುಖ ಸಿಂಡರಿಸುತ್ತಾರೆ. ಸಾಯುವಾಗಲೂ ನಾನು ಭಾವನ ಮುಖದ ಬಗ್ಗೆ ಯೋಚಿಸುತ್ತಿದ್ದೆ ಎಂದು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಡಯಾಲಿಸಿಸ್ ಶುರುಮಾಡುವ ಮೊದಲು ನೋಡಲೆಂದು ಹೊರಗಿನಿಂದ ಕಿಡ್ನಿ ಡಾಕ್ಟರನ್ನು ಕರೆಸಿದ್ದರು. ಬಂದದ್ದು ಒಬ್ಬ ಹೆಂಗಸು. ಐವತ್ತು ದಾಟಿದ, ಕುಳ್ಳಗಿನ, ಮುದುರಿದ ಸಲ್ವಾರಿನ ಹೆಂಗಸು. ಭಾನುವಾರ ಹಾಳಾಯಿತೆಂಬ ಸಿಟ್ಟು ಮುಖದ ಮೇಲೆ ಕಾಣುತ್ತಿತ್ತು. ಫೈಲು ತೆರೆದು ಮೊದಲ ಹಾಳೆ ಓದಿ, "ಯೇ ಕಿಸ್ನೆ ಲಿಖಾ?" ಎಂದರು, ಬರೆದವರು ಯಾರು ಎಂದು. ಭಾವ ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ಆಪ್‌ಕೋ ಚೋಟ್ ಲಗೀ ಹೈ?"

ಪೆಟ್ಟು ಬಿದ್ದದ್ದು ನಿಮಗೋ ಎಂದರೆ ಭಾವ ಏನು ಹೇಳಿಯಾರು? "ನಹೀಂ ಜೀ" ಎಂದರು.

"ತೋ ಬಾಹರ್ ಬೈಠಿಯೇ."

ಸಹಿಯ ಅಧಿಕಾರವಿದ್ದ ನಮ್ಮ ಭಾವ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಗಂಡ ತಾವಾಗಿಯೇ ಅವರ ಹಿಂದೆ ಹೋದರು. ಬಾಗಿಲು ಮುಚ್ಚಿತು. ಆಕೆ ಮಂಚದ ಅಂಚಿನಲ್ಲಿ ಕೂತು ನನ್ನನ್ನೇ ಕೇಳಿದರು, ಹಿಂದಿಯಲ್ಲಿ, ತರಕಾರಿ ಚೌಕಾಸಿ ಮಾಡುವಷ್ಟು ಸಹಜವಾಗಿ. ಅಪಘಾತದ ದಿನ ಪೇಶಾಬಿಗೆ ಎಷ್ಟು ಹೊತ್ತಿಗೆ ಹೋಗಿದ್ದೆ?

ಬೆಳಿಗ್ಗೆ ಎಂಟಕ್ಕೆ.

ಅಪಘಾತವಾದದ್ದು?

ಸಂಜೆ ಆರು ದಾಟಿತ್ತು.

ಹತ್ತು ಗಂಟೆ ಹೋಗಲೇ ಇಲ್ಲವೇ? ಬರಲಿಲ್ಲವೇ?

ಎರಡು ಗಂಟೆಯಿಂದ ತಡೆದುಕೊಂಡು ಕೂತಿದ್ದೆ ಎಂದೆ. ಬೀಗದ ಕೈ, ಡ್ರಾಯರ್ ಎಲ್ಲ ಹೇಳಿದೆ. ಆಕೆ ಹಲ್ಲು ಕಚ್ಚಿದರು.

"ಪೆಟ್ಟು ಬಿದ್ದ ಮೇಲೆ?"

"ಆ ಒತ್ತಡ ಹೋಗಿಬಿಡ್ತು. ಒಂದೇ ಸಲಕ್ಕೆ."

"ಬಟ್ಟೆ ಒದ್ದೆಯಾಗಿತ್ತಾ?"

"ಇಲ್ಲ."

ಆಕೆ ಪೆನ್ನನ್ನು ಫೈಲಿನ ಮೇಲೆ ಇಟ್ಟು ನನ್ನ ಮುಖ ನೋಡಿದರು. "ತೋ ಫಿರ್ ಗಯಾ ಕಹಾಂ?"

ಹಾಗಾದರೆ ಅದು ಹೋಯಿತೆಲ್ಲಿ? ಎಷ್ಟು ಸರಳ ಪ್ರಶ್ನೆ! ಅಡುಗೆಮನೆಯಲ್ಲಿ ಪಾತ್ರೆ ಖಾಲಿಯಾಗಿದ್ದರೆ ಎಂಥ ದಡ್ಡಿಯೂ ಕೇಳುವ ಪ್ರಶ್ನೆ. ಎರಡು ದಿನ ಯಾರೂ ಕೇಳಿರಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ.

ಆಕೆ ಭಾವನ ಕಾಗದವನ್ನು ಫೈಲಿನಿಂದ ಕಿತ್ತು, ಮಗುಚಿ, ಅದರ ಬೆನ್ನಿಗೆ ಚಿತ್ರ ಬರೆದರು. ಒಂದು ಬಲೂನಿನಂಥ ಚೀಲ, ಮೇಲೆ ಅದಕ್ಕೆ ಹೊದಿಸಿದ ಪರದೆಯಂಥ ಗೆರೆ, ಗೆರೆಯ ಆಚೆ ಕರುಳು. ಮೂತ್ರಕೋಶ ಖಾಲಿ ಇದ್ದಾಗ ಸೊಂಟದ ಮೂಳೆಯ ಮರೆಯಲ್ಲಿ ಸುರಕ್ಷಿತ. ತುಂಬಿದಾಗ ಮೇಲಕ್ಕೆ ಉಬ್ಬುತ್ತದೆ, ಆಗ ಪೆಟ್ಟು ಬಿದ್ದರೆ ನೆತ್ತಿಯಲ್ಲೇ ಒಡೆಯುತ್ತದೆ. ಕೆಳಗೆ, ಪರದೆಯ ಹೊರಗೆ ತೂತಾಗಿದ್ದರೆ ಬಹಳ ಸಲ ನಳಿಗೆ ಹಾಕಿ ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ. ನೆತ್ತಿಯಲ್ಲಿ ತೂತಾದರೆ ಮೂತ್ರವೆಲ್ಲ ಹೊಟ್ಟೆಯೊಳಕ್ಕೆ. ಅದು ತಾನಾಗಿ ವಾಸಿಯಾಗುವುದಿಲ್ಲ, ಹೊಟ್ಟೆ ತೆರೆದು ಹೊಲಿಯಲೇಬೇಕು. ಕಿಡ್ನಿಗೆ ಏನೂ ಆಗಿರಲಾರದು, ಅವು ಪಾಪ ದುಡಿಯುತ್ತಲೇ ಇವೆ. ಅವು ಹೊರಹಾಕಿದ್ದನ್ನು ಹೊಟ್ಟೆಯ ಪರದೆ ಹೀರಿ ಮತ್ತೆ ರಕ್ತಕ್ಕೆ ಸೇರಿಸುತ್ತಿದೆ. ಅದಕ್ಕೇ ಪರೀಕ್ಷೆಯಲ್ಲಿ ಕಿಡ್ನಿ ಕೆಟ್ಟಂತೆ ಕಂಡದ್ದು. ಡಯಾಲಿಸಿಸ್ ಮಾಡಿದ್ದರೆ ರಕ್ತದ ಅಂಕಿಗಳು ಚೆಂದವಾಗುತ್ತಿದ್ದವು, ನಾನು ಹೊಟ್ಟೆ ಕೊಳೆತು ಸಾಯುತ್ತಿದ್ದೆ.

ನನ್ನನ್ನು ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋದರು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧದ ನೀರನ್ನು ಬಾಟಲಿಯಲ್ಲಿ ತೂಗುಹಾಕಿ, ನಳಿಗೆಯ ಮೂಲಕ ನನ್ನೊಳಗೆ ಇಳಿಬಿಟ್ಟರು. ಕೋಟಿನ ಡಾಕ್ಟರೂ ಬಂದು ಗೋಡೆಗೆ ಒರಗಿ ನಿಂತಿದ್ದರು, ತಮ್ಮ ನರ್ಸಿಂಗ್ ಹೋಮಿನಲ್ಲಿ ಇಂಥ ಅಸಭ್ಯ ಪ್ರಸಂಗವೇ ಎಂಬ ಭಂಗಿಯಲ್ಲಿ. ಒಂದು ಲೋಟದಷ್ಟೂ ಇಳಿದಿರಲಿಲ್ಲ, ಟೆಕ್ನಿಷಿಯನ್ ನಿಲ್ಲಿಸಿ ಚಿತ್ರ ತೆಗೆದ. "ನಾರ್ಮಲ್ ಹೈ ಮೇಡಂ, ಕಹೀಂ ಲೀಕ್ ನಹೀಂ." ಗೋಡೆಗೆ ಒರಗಿದ್ದವರ ಮುಖ ಅರಳಿತು. ಆಕೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಔರ್ ಭರೋ" ಎಂದರು. "ಇವಳು ಎಷ್ಟು ತಡೆದುಕೊಂಡು ಕೂತಿದ್ದಳೋ ಅಷ್ಟು ತುಂಬು."

ಮೂತ್ರಕೋಶ ಪೂರ್ತಿ ಹಿಗ್ಗದಿದ್ದರೆ ತೂತಿನ ಬಾಯಿ ತೆರೆಯುವುದಿಲ್ಲ, ಅರ್ಧ ತುಂಬಿ ಚಿತ್ರ ತೆಗೆಯುವುದೂ ತೆಗೆಯದಿರುವುದೂ ಒಂದೇ ಎಂದು ಆಮೇಲೆ ಆಕೆಯೇ ವಿವರಿಸಿದರು. ಮತ್ತೆ ಬಾಟಲಿ ಇಳಿಯಿತು. ಪ್ರಾಣ ಹೋಗುವ ನೋವು. ಎರಡನೆಯ ಚಿತ್ರವನ್ನು ಬೆಳಕಿಗೆ ಹಿಡಿದಾಗ ನನಗೂ ತೋರಿಸಿದರು. ಉಕ್ಕಿದ ಹಾಲು ಒಲೆಯ ಸುತ್ತ ಹರಿದ ಹಾಗೆ, ಬೆಳ್ಳನೆಯದು ಕರುಳಿನ ಸಂದುಸಂದುಗಳಲ್ಲಿ ಹರಡಿಕೊಂಡಿತ್ತು. ನೀರನ್ನೆಲ್ಲ ಖಾಲಿ ಮಾಡಿ, ಮರೆಯಲ್ಲಿ ಇನ್ನೇನಾದರೂ ಅಡಗಿದೆಯೇ ಎಂದು ಇನ್ನೊಂದು ಚಿತ್ರ ತೆಗೆಸಿದರು. ಗೋಡೆಗೆ ಒರಗಿದ್ದವರು ಯಾವಾಗ ಜಾಗ ಖಾಲಿ ಮಾಡಿದರೋ ನಾನು ನೋಡಲಿಲ್ಲ.

ಅವತ್ತು ಮಧ್ಯಾಹ್ನವೇ ಬೇರೆ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊಟ್ಟೆ ತೆರೆದು, ತೊಳೆದು, ತೂತನ್ನು ಎರಡು ಪದರದಲ್ಲಿ ಹೊಲಿದರು. ಓಖ್ಲಾದಲ್ಲಿ ನಾವು ಕಾಲರುಗಳಿಗೆ ಹಾಕಿಸುತ್ತಿದ್ದದ್ದೂ ಎರಡು ಹೊಲಿಗೆಯೇ. ಎರಡು ದಿನಕ್ಕೆ ರಕ್ತದ ವಿಷವೆಲ್ಲ ಇಳಿಯಿತು, ಕಿಡ್ನಿಗಳು ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿದ್ದವು. ಹೊಲಿಗೆ ಗಟ್ಟಿಯಾಗುವವರೆಗೆ ಮೂತ್ರಕೋಶ ತುಂಬಬಾರದೆಂದು ಎರಡು ವಾರ ನಳಿಗೆ, ಮಂಚಕ್ಕೆ ಚೀಲ.

ಆ ಚೀಲ ನಮ್ಮ ಜನಕ್ಕೆ ಕೊಟ್ಟ ಕಷ್ಟ ಅಷ್ಟಿಷ್ಟಲ್ಲ. ದೆಹಲಿಯಲ್ಲಿದ್ದ ನಮ್ಮ ಕಡೆಯವರೆಲ್ಲ ಹಣ್ಣು, ಹಾರ್ಲಿಕ್ಸು ಹಿಡಿದು ನೋಡಲು ಬಂದರು. ಏನಾಯಿತು ಎಂದು ಕೇಳಿದವರಿಗೆಲ್ಲ ಭಾವ, "ಹೊಟ್ಟೆಗೆ ಸ್ವಲ್ಪ ಪೆಟ್ಟು" ಎಂದು ಹೇಳಿ ಫ್ಯಾನಿನ ಕಡೆ ನೋಡುತ್ತಿದ್ದರು. ಗಂಡಸರು ಕಿಟಕಿ ನೋಡಿದರು, ಹೆಂಗಸರು ಕಿತ್ತಳೆ ಸುಲಿದರು. ನನ್ನ ಓರಗಿತ್ತಿ, ಭಾವನ ಹೆಂಡತಿ, ಮನೆಯಿಂದ ಒಂದು ಕಸೂತಿ ಹಾಕಿದ ಟವೆಲು ತಂದು ಆ ಚೀಲಕ್ಕೆ ಹೊದಿಸಿದರು. ಮೂತ್ರದ ಬಣ್ಣ, ಅಳತೆ ನೋಡಬೇಕಾದ ನರ್ಸು ಅದನ್ನು ಕಿತ್ತು ಕುರ್ಚಿಗೆ ಎಸೆದಳು. ಓರಗಿತ್ತಿ ಮತ್ತೆ ಹೊದಿಸಿದರು, ನರ್ಸು ಮತ್ತೆ ಕಿತ್ತಳು. ದಿನಾ ನಾಲ್ಕು ಸಲ ಈ ಯುದ್ಧ ನಡೆಯಿತು. ನಾನು ಮಲಗಿದಲ್ಲಿಂದಲೇ ನರ್ಸಿನ ಪಕ್ಷ ವಹಿಸಿದ್ದೆ, ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

ಎರಡು ವಾರದ ಮೇಲೆ ಮತ್ತೆ ಔಷಧದ ನೀರು ತುಂಬಿ ಚಿತ್ರ ತೆಗೆದರು. ಎಲ್ಲೂ ಸೋರುತ್ತಿರಲಿಲ್ಲ. ನಳಿಗೆ ತೆಗೆದರು. ಮೊದಲ ಸಲ ನಾನಾಗಿ ಹೋಗಿ ಕೂತಾಗ ಬೆಂಕಿ ಇಟ್ಟ ಹಾಗೆ ಉರಿಯಿತು. ಸದ್ದು ಕೇಳಿಸಿತು. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ಶನಿವಾರ, ಆಫೀಸಿಗೆ ರಜೆ ಇದ್ದದ್ದರಿಂದ, ಭಾವ ಬೆಳಿಗ್ಗೆಯೇ ಬಂದರು. ನನ್ನ ಕಂಪನಿಗೆ ಕೊಡಬೇಕಾದ ರಜೆ ಅರ್ಜಿಯನ್ನು ತಾವೇ ಬರೆದು ತಂದಿದ್ದರು. ಇದಕ್ಕೂ ಯಾರದೋ ಹಳೆಯ ಅರ್ಜಿ ಮಾದರಿ. ಉದರ ಸಂಬಂಧಿ ತೊಂದರೆಯಿಂದಾಗಿ, ಎಂದಿತ್ತು.

"ಡೀಟೇಲ್ಸ್ ಎಲ್ಲಾ ಯಾಕೆ? ಇದಕ್ಕೊಂದು ಸಹಿ ಹಾಕಮ್ಮಾ, ನಾನೇ ಕಳಿಸ್ತೀನಿ" ಎಂದು ಹೇಳಿ ಅದನ್ನು ಮೇಜಿನ ಮೇಲಿಟ್ಟರು. ಕಾಫಿ ಕುಡಿದರು. ಆಮೇಲೆ ಪೇಪರು ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಆ ಕ್ವಾರ್ಟರ್ಸಿನಲ್ಲಿ ಇದ್ದದ್ದು ಒಂದೇ ಕಕ್ಕಸು. ಭಾವ ಸಂಪಾದಕೀಯದವರೆಗೆ ಓದದೆ ಹೊರಗೆ ಬರುವವರಲ್ಲ.

ಅರ್ಧ ದಿನದ ಶಾಲೆ ಮುಗಿಸಿ ಮಗಳು ಬಂದಳು. ಬ್ಯಾಗನ್ನು ಬಾಗಿಲಲ್ಲೇ ಎಸೆದು ಓಡಿದಳು. ಮುಚ್ಚಿದ ಬಾಗಿಲಿನ ಎದುರು ನಿಂತಳು. ತಟ್ಟಲಿಲ್ಲ. ತಿರುಗಿ ಬಂದು ನನ್ನ ಮಂಚದ ಅಂಚು ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತಳು. ಹಣೆಯ ಮೇಲೆ ಬೆವರು.

"ಬಾಗಿಲು ತಟ್ಟೇ" ಎಂದೆ.

"ಅಂದರ್ ದೊಡ್ಡಪ್ಪ ಹೈ" ಎಂದಳು ಪಿಸುದನಿಯಲ್ಲಿ. "ನಾನು ತಡ್ಕೋತೀನಿ ಅಮ್ಮಾ. ಐ ಆಮ್ ಗುಡ್ ಅಟ್ ಇಟ್."

ಮ್ಯಾನೇಜರನನ್ನು ಬೈದಿದ್ದೆ, ಡ್ರೈವರನನ್ನು ಬೈದಿದ್ದೆ, ಕೋಟಿನ ಡಾಕ್ಟರನ್ನೂ ಭಾವನನ್ನೂ ಮಲಗಿದಲ್ಲೇ ವಾರಗಟ್ಟಲೆ ಮನಸ್ಸಿನಲ್ಲಿ ಬೈದಿದ್ದೆ. ಇದನ್ನು ಇವಳಿಗೆ ಕಲಿಸಿದವರು ಅವರಾರೂ ಅಲ್ಲ.

ಹೊಟ್ಟೆಯ ಗಾಯವನ್ನು ಅಂಗೈಯಲ್ಲಿ ಒತ್ತಿ ಹಿಡಿದು ಎದ್ದೆ. ಗಂಡ, "ಏನು, ಏನಾಯ್ತು?" ಎನ್ನುತ್ತಾ ಹಿಂದೆಯೇ ಬಂದರು. ಕಕ್ಕಸಿನ ಬಾಗಿಲನ್ನು ಮುಷ್ಟಿಯಲ್ಲಿ ದಬದಬ ಬಡಿದೆ.

"ಭಾವ, ಹೊರಗೆ ಬನ್ನಿ. ಮಗೂಗೆ ಉಚ್ಚೆ ಬಂದಿದೆ."

ಒಳಗೆ ಪೇಪರಿನ ಸದ್ದು ನಿಂತಿತು. ಗಂಡ, "ಮೆತ್ತಗೆ, ಮೆತ್ತಗೆ" ಎಂದರು. ನಾನು ಇನ್ನೂ ಜೋರಾಗಿ ಅದನ್ನೇ ಹೇಳಿದೆ. ಮೇಲಿನ ಮನೆಯವರಿಗೂ ಕೇಳಿಸಿರಬೇಕು.

ನೀರು ಸುರಿದ ಸದ್ದಾಯಿತು. ಚಿಲಕ ಸರಿಯಿತು. ಭಾವ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದರು. ಕನ್ನಡಕ ಹಣೆಯ ಮೇಲಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಹೇಳಲು ಯಾವ ಮಾದರಿಯೂ ಸಿಗಲಿಲ್ಲ. ಮಗಳು ಅವರ ಪಕ್ಕದಿಂದ ನುಸುಳಿ ಒಳಗೆ ಓಡಿದಳು, ಅವಸರದಲ್ಲಿ ಬಾಗಿಲನ್ನೂ ಪೂರ್ತಿ ಹಾಕಿಕೊಳ್ಳಲಿಲ್ಲ. ಒಳಗಿನಿಂದ ಸದ್ದು ಶುರುವಾಯಿತು. ಭಾವ ನೋಡಲು ಫ್ಯಾನು ಹುಡುಕಿದರು, ಆ ಪ್ಯಾಸೇಜಿನಲ್ಲಿ ಫ್ಯಾನು ಇರಲಿಲ್ಲ. ನಾವು ಮೂವರೂ ಅಲ್ಲೇ ನಿಂತು ಆ ಸದ್ದನ್ನು ಕೇಳಿದೆವು. ಅದು ಬಹಳ ಹೊತ್ತು ಬಂತು.